ಯೂರೇಲ್ ಪಾಸ್ ಇದ್ದರೆ ಸೀಟೂ ಇದ್ದ ಹಾಗಾ?

ಪ್ರಶ್ನೆ: ನಾವು ನಾಲ್ಕು ಜನ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಯುರೋಪಿನ ದೇಶಗಳ ರೈಲುಗಳಲ್ಲಿ ಓಡಾಡಲು ಯೂರೇಲ್ ಪಾಸ್ ತಗೊಂಡಿದ್ದೇವೆ. ಇನ್ನು ಯಾವ ರೈಲು ಬೇಕಾದರೂ ಹತ್ತಬಹುದು ಅಲ್ವಾ?

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಈ ಪ್ರಶ್ನೆ ಬರುತ್ತದೆ. ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿಯಾಗಿ ಬರೆಯುತ್ತೇನೆ, ದಯವಿಟ್ಟು ಕೊನೆವರೆಗೂ ಓದಿ.

ಯಾವ ರೈಲು ಬೇಕಾದರೂ ಹತ್ತುವ ಹಾಗಿಲ್ಲ. ಪಾಸ್ ಬೇರೆ, ಸೀಟು ಬೇರೆ.

ಬಿಎಂಟಿಸಿ ದಿನದ ಪಾಸ್ ನೆನಪಿಸಿಕೊಳ್ಳಿ. ಸಾಮಾನ್ಯ ಪಾಸ್ ಹಿಡಿದು ವಜ್ರ ಬಸ್ ಹತ್ತಿದರೆ ಕಂಡಕ್ಟರ್ ಒಪ್ಪುತ್ತಾರಾ? ಇಲ್ಲ. ಸಾಮಾನ್ಯ ಬಸ್ಸಿನಲ್ಲೂ ಪಾಸ್ ತೋರಿಸಿದ ಮಾತ್ರಕ್ಕೆ ಕೂರಲು ಜಾಗ ಸಿಗುವುದಿಲ್ಲ. ಯೂರೇಲ್ ಪಾಸಿನ ಕತೆಯೂ ಹೆಚ್ಚುಕಮ್ಮಿ ಹೀಗೇ. ಅದು ಪ್ರಯಾಣದ ದುಡ್ಡಿಗೆ ಸಮ. ನಮಗೆ ತಲೆಯಲ್ಲಿರುವುದು ಪಿಎನ್ಆರ್. ಟಿಕೆಟ್ ಕೈಗೆ ಬಂದರೆ ಬೋಗಿ, ಬರ್ತ್ ಎಲ್ಲ ಅದರಲ್ಲೇ ಇರುತ್ತದೆ ಅಂತ ರೂಢಿ ಆಗಿಬಿಟ್ಟಿದೆ. ಎಡವುವುದು ಅಲ್ಲೇ.

ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನಲ್ಲಿ ಹಗಲಿನ ಹೆಚ್ಚಿನ ರೈಲುಗಳಿಗೆ ರಿಸರ್ವೇಶನ್ ಬೇಕಿಲ್ಲ. ಖಾಲಿ ಇರುವ ಕಡೆ ಕೂರಬಹುದು. ಆದರೆ ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸ, ಸ್ಪೇನಿನ ವೇಗದ ರೈಲುಗಳು, ಲಂಡನ್ನಿಗೆ ಹೋಗುವ ಯೂರೋಸ್ಟಾರ್, ರಾತ್ರಿ ರೈಲುಗಳು, ಇವಕ್ಕೆಲ್ಲ ಪಾಸಿನ ಜೊತೆಗೆ ದುಡ್ಡು ಕೊಟ್ಟು ಸೀಟು ಕಾದಿರಿಸಲೇಬೇಕು. ಟಿಜಿವಿ, ಯೂರೋಸ್ಟಾರ್‌ಗಳಲ್ಲಿ ಪಾಸ್ ಇದ್ದವರಿಗೆ ಇಂತಿಷ್ಟೇ ಸೀಟು ಅಂತ ಕೋಟಾ ಬೇರೆ ಇದೆ. ರೈಲಿನಲ್ಲಿ ಸೀಟು ಖಾಲಿ ಇದ್ದರೂ ಕೋಟಾ ಮುಗಿದರೆ ಪೂರ್ತಿ ದರದ ಟಿಕೆಟ್ ಕೊಳ್ಳಬೇಕು. ಆರ್‌ಎಸಿ, ವೇಟಿಂಗ್ ಲಿಸ್ಟ್ ಅಂತ ಕಾಯುವ ದಾರಿ ಇಲ್ಲ.

ಮಕ್ಕಳ ವಿಷಯವೂ ಗೊಂದಲವೇ. 4ರಿಂದ 11 ವರ್ಷದವರಿಗೆ ಪಾಸ್ ಉಚಿತ, ಒಬ್ಬ ದೊಡ್ಡವರ ಜೊತೆ ಇಬ್ಬರು ಮಕ್ಕಳವರೆಗೆ. ಉಚಿತ ಅಂದರೆ ಬೇಡ ಅಂತಲ್ಲ, ದೊಡ್ಡವರ ಪಾಸಿನ ಜೊತೆಗೇ ಮಕ್ಕಳ ಪಾಸನ್ನೂ ಆರ್ಡರ್ ಮಾಡಬೇಕು. ಸೀಟಿನ ದುಡ್ಡು ಮಾತ್ರ ಅವರಿಗೂ ಉಂಟು. ಒಬ್ಬರಿಗೆ 10 ಯೂರೋ ಅಂದರೆ ನಾಲ್ವರಿಗೆ 40. ಇದನ್ನು ಬಜೆಟ್ಟಿಗೆ ಸೇರಿಸದೆ ಹೊರಡಬೇಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮಗೆ ಪಾಸ್ ಕೊಡಿಸಿದ ಏಜೆಂಟ್ "ಪಾಸ್ ಒಂದಿದ್ದರೆ ಸಾಕು ಮೇಡಂ" ಅಂದಿದ್ದರು. ನಂಬಿದೆವು. ಪ್ಯಾರಿಸ್ಸಿನಲ್ಲಿ ಬೆಳಿಗ್ಗೆ ಸ್ಟೇಷನ್ನಿಗೆ ಹೋದರೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗುವ ವೇಗದ ರೈಲುಗಳಲ್ಲಿ ಪಾಸಿನ ಸೀಟು ಆ ದಿನಕ್ಕೆ ಮುಗಿದಿತ್ತು. ಸುಮಾರು ಮೂರು ಗಂಟೆಯ ದಾರಿ ಅದು. ರಿಸರ್ವೇಶನ್ ಬೇಡದ ನಿಧಾನದ ರೈಲುಗಳನ್ನೇ ಹಿಡಿದು ಡಿಜಾನ್, ಬೆಲ್ಫೋರ್, ಮ್ಯುಲೂಸ್ ಅಂತ ಬದಲಿಸುತ್ತಾ ಬಾಸೆಲ್ ಮುಟ್ಟುವಾಗ ಕತ್ತಲಾಗಿತ್ತು. ಆರು ವರ್ಷದ ಮಗ ಬ್ಯಾಗಿನ ಮೇಲೇ ಮಲಗಿಬಿಟ್ಟಿದ್ದ. ಅವನ ಮುಖ ನೋಡಿ ನನಗೆ ಅಳು ಬಂದಿತ್ತು. ಹಿಂದಿನ ವಾರವೇ ಸೀಟು ನೋಡಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

ಇನ್ನೊಂದು ಮಾತು. ಯುರೋಪಿನಲ್ಲಿ ನೆಲೆಸಿರುವವರಿಗೆ ಯೂರೇಲ್ ಅಲ್ಲ, ಇಂಟರ್‌ರೇಲ್ ಅನ್ನುವ ಬೇರೆ ಪಾಸ್. ಪಾಸ್‌ಪೋರ್ಟ್ ಭಾರತದ್ದೇ ಇರಲಿ, ವಾಸ ಎಲ್ಲಿ ಅನ್ನುವುದೇ ಲೆಕ್ಕ. ಮ್ಯೂನಿಕ್ಕಿನಲ್ಲಿರುವ ಅಣ್ಣನ ಕುಟುಂಬದ ಜೊತೆ ಸೇರಿ ಒಂದೇ ಪಾಸ್ ಕೊಳ್ಳೋಣ ಅಂದುಕೊಂಡರೆ ಆಗುವುದಿಲ್ಲ.

ರಿಸರ್ವೇಶನ್ ಬೇಡದ ಕಡೆ ಆರಾಮ ಅಂತ ಈಗ ನಿಮಗೆ ಅನಿಸುತ್ತಿರಬಹುದು. ಯಾರೂ ಕೇಳದ ಪ್ರಶ್ನೆಯೊಂದು ಇಲ್ಲಿದೆ. ನೀವು ಕೂತ ಬೋಗಿ ನಿಮ್ಮ ಊರಿಗೇ ಹೋಗುತ್ತದಾ? ಹಿಂದೆ ಬೆಂಗಳೂರಿನಿಂದ ಹೊರಡುತ್ತಿದ್ದ ಕಾರವಾರ–ಕಣ್ಣೂರು ರೈಲು ಮಂಗಳೂರಿನಲ್ಲಿ ಎರಡಾಗುತ್ತಿತ್ತು, ನೆನಪಿದೆಯಾ? ಬರ್ಲಿನ್ನಿನಿಂದ ಪಶ್ಚಿಮಕ್ಕೆ ನಾವು ಹಿಡಿದ ಐಸಿಇ, ಅಂದರೆ ಜರ್ಮನಿಯ ವೇಗದ ರೈಲು, ಹಾಮ್ ಅನ್ನುವ ಊರಿನಲ್ಲಿ ಹಾಗೇ ಎರಡಾಗುತ್ತಿತ್ತು. ಒಂದು ಭಾಗ ಕಲೋನ್ ಕಡೆ, ಇನ್ನೊಂದು ಡ್ಯುಸೆಲ್‌ಡಾರ್ಫ್ ಕಡೆ. ಒಂದು ಭಾಗದಿಂದ ಇನ್ನೊಂದಕ್ಕೆ ಒಳಗಿನಿಂದ ನಡೆದು ಹೋಗಲು ಆಗುವುದಿಲ್ಲ. ಸೀಟು ಕಾದಿರಿಸಿದವರಿಗೆ ಬೋಗಿ ನಂಬರ್ ಇರುತ್ತದೆ, ಸರಿಯಾದ ಕಡೆ ಹತ್ತುತ್ತಾರೆ. ಕಲೋನಿಗೆ ಹೊರಟಿದ್ದ ನಾವು ಅವಸರದಲ್ಲಿ ಕಂಡ ಬಾಗಿಲು ಹತ್ತಿದೆವು. ನಾನು, ಮಗ ಒಂದು ಭಾಗದಲ್ಲಿ. ನಮ್ಮವರು, ಮಗಳು, ಊಟದ ಡಬ್ಬಿ ಇನ್ನೊಂದರಲ್ಲಿ. ಹಾಮ್ ದಾಟಿದ ಮೇಲೆ ಫೋನ್ ಬಂತು: "ಇದು ಎಸೆನ್ ಅಂತ ತೋರಿಸ್ತಿದೆ, ನಿಮ್ಮದು?" ನಮ್ಮದು ವುಪ್ಪರ್ಟಾಲ್. ಎಸೆನ್ ಡ್ಯುಸೆಲ್‌ಡಾರ್ಫಿನ ದಾರಿ, ವುಪ್ಪರ್ಟಾಲ್ ಕಲೋನಿನ ದಾರಿ.

ಡ್ಯುಸೆಲ್‌ಡಾರ್ಫಿನಿಂದ ಕಲೋನಿಗೆ ಅರ್ಧ ಗಂಟೆಯಷ್ಟೇ, ಪಾಸೂ ನಡೆಯುತ್ತದೆ. ಅವರಿಬ್ಬರೂ ಬೇರೆ ರೈಲು ಹಿಡಿದು ಬಂದರು. ಕಲೋನ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ನಾಲ್ಕೂ ಜನ ಚಪಾತಿ ತಿಂದೆವು. ನೀವು ಹತ್ತುವಾಗ ಬಾಗಿಲ ಪಕ್ಕದ ಪರದೆಯಲ್ಲಿ ಊರಿನ ಹೆಸರು ಓದಿ, ಆಮೇಲೆ ಕಾಲಿಡಿ.