ಪಟಾಕಿಯ ಸದ್ದು ಅಡಗಿದ ಮೇಲೂ ಗಾಳಿ ಏಕೆ ತಿಳಿಯಾಗುವುದಿಲ್ಲ?

ಪ್ರಶ್ನೆ: ದೀಪಾವಳಿಯ ರಾತ್ರಿ ಹನ್ನೊಂದರ ಹೊತ್ತಿಗೆ ನಮ್ಮ ಬೀದಿಯಲ್ಲಿ ಪಟಾಕಿ ನಿಲ್ಲುತ್ತದೆ. ಮಾರನೆಯ ದಿನ ಹೊಗೆಯೂ ಕಾಣುವುದಿಲ್ಲ. ಆದರೂ ಗಾಳಿಯ ಗುಣಮಟ್ಟ ಸೂಚ್ಯಂಕ ಮಧ್ಯಾಹ್ನದವರೆಗೂ ಕೆಂಪಾಗಿಯೇ ಇರುತ್ತದೆ. ಏಕೆ?

ಉತ್ತರ: ಮೊದಲಿಗೆ, ಸದ್ದಿನ ಲೆಕ್ಕವೇ ಬೇರೆ, ಹೊಗೆಯ ಲೆಕ್ಕವೇ ಬೇರೆ. ಪಟಾಕಿಗಳನ್ನು ಒಂದೊಂದಾಗಿ ಸುಟ್ಟು ಅಳೆದವರಿಗೆ ಅತಿ ಹೆಚ್ಚು ಸೂಕ್ಷ್ಮ ಕಣ ಸಿಕ್ಕಿದ್ದು ಕಿವಿಗಡಚಿಕ್ಕುವ ಬಾಂಬಿನಲ್ಲಲ್ಲ, ಸದ್ದಿಲ್ಲದೆ ಸುರುಳಿ ಬಿಚ್ಚುವ ಹಾವಿನ ಮಾತ್ರೆಯಲ್ಲಿ. ಅಪಾಯವಿಲ್ಲವೆಂದು ನಾವು ಚಿಕ್ಕ ಮಕ್ಕಳ ಕೈಗೆ ಕೊಡುವುದು ಅದನ್ನೇ!

ಈ ಸೂಕ್ಷ್ಮ ಕಣಗಳ ಹೆಸರೇ ಪಿಎಂ 2.5. ಅಂದರೆ 2.5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಥವಾ ಅದಕ್ಕಿಂತ ಸಣ್ಣ ಕಣ. ತಲೆಗೂದಲಿನ ದಪ್ಪ ಇದರ ಇಪ್ಪತ್ತೈದು, ಮೂವತ್ತು ಪಟ್ಟು. ಬೂದಿ, ಕಾಗದದ ಚೂರು ಆಗಲೇ ನೆಲ ಸೇರುತ್ತವೆ. ಆದರೆ ಅರ್ಧ ಮೈಕ್ರಾನಿನ ಕಣ ಅಲುಗದ ಗಾಳಿಯಲ್ಲಿ ಗಂಟೆಗೆ ಇಳಿಯುವುದು ಮೂರ್ನಾಲ್ಕು ಸೆಂಟಿಮೀಟರ್ ಮಾತ್ರ. ತಾರಸಿಯಿಂದ ಅಂಗಳಕ್ಕೆ ಬರಲು ಮೂರು ದಿನ! ಅದನ್ನು ಗಾಳಿ ಒಯ್ಯಬೇಕು, ಇಲ್ಲವೇ ಮಳೆ ತೊಳೆಯಬೇಕು.

ಈ ಹಬ್ಬದ ಹೊತ್ತಿಗೆ ಎಷ್ಟೋ ಸಲ ಎರಡೂ ಇರುವುದಿಲ್ಲ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿಯುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಅದರ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕೂರುತ್ತದೆ. ಬಿಸಿಲೇರಿ ನೆಲ ಕಾಯುವವರೆಗೆ ಹೊಗೆ ಮೇಲೇಳಲಾರದು. ನಸುಕಿನ ವಾಕಿಂಗ್ ಮಾಡುವವರು ಉಸಿರಾಡುವುದು ಹಿಂದಿನ ರಾತ್ರಿಯ ಗಾಳಿಯನ್ನೇ.

ಅನಿಲಗಳೂ ಸುಮ್ಮನಿರುವುದಿಲ್ಲ. ಮದ್ದಿನಲ್ಲಿರುವ ಗಂಧಕ ಸುಟ್ಟು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಗಂಟಲು ಕೆರೆಯುವ ಘಾಟು ಅದರದ್ದೇ. ಅದು ಗಾಳಿಯಲ್ಲೇ ನಿಧಾನವಾಗಿ ಸಲ್ಫೇಟ್ ಆಗಿ, ಮತ್ತೆ ಸೂಕ್ಷ್ಮ ಕಣಗಳ ಗುಂಪಿಗೇ ಸೇರುತ್ತದೆ. ಘಾಟು ಹೋಯಿತೆಂದರೆ ಮಾಲಿನ್ಯ ಹೋಯಿತೆಂದಲ್ಲ.

ಇನ್ನು ಮಧ್ಯಾಹ್ನದ ಕೆಂಪು. ಇದರಲ್ಲಿ ಒಂದು ಪಾಲು ಅಂಕಗಣಿತದ್ದು. ನಮ್ಮ ದೇಶದ ಅಧಿಕೃತ ಸೂಚ್ಯಂಕದಲ್ಲಿ ಪಿಎಂ 2.5ಕ್ಕೆ ಹಿಂದಿನ 24 ಗಂಟೆಗಳ ಸರಾಸರಿಯನ್ನು ಹಿಡಿಯುತ್ತಾರೆ. ಹಾಗಾಗಿ ರಾತ್ರಿ ಹತ್ತಕ್ಕೆ ಗಾಳಿ ತೀರಾ ಕೆಟ್ಟಿದ್ದಾಗ ಸೂಚ್ಯಂಕ ಅಷ್ಟೇನೂ ಏರಿರುವುದಿಲ್ಲ. ಮಾರನೆಯ ದಿನ ಗಾಳಿ ಸುಧಾರಿಸಿದರೂ ರಾತ್ರಿಯ ಅಂಕಿ ಲೆಕ್ಕದಲ್ಲೇ ಉಳಿದಿರುತ್ತದೆ. ಆ ಕ್ಷಣದ ಸ್ಥಿತಿ ಬೇಕಿದ್ದರೆ ಮಾಪನ ಕೇಂದ್ರದ ಗಂಟೆಗಂಟೆಯ ಪಿಎಂ 2.5 ಅಂಕಿ ನೋಡಿ. ನಮ್ಮ ಮಾನದಂಡದಲ್ಲಿ 24 ಗಂಟೆಯ ಸರಾಸರಿ ಘನಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

‘ಹಸಿರು ಪಟಾಕಿ’ ಎಂಬ ಹೆಸರು ನನಗೆ ಅಷ್ಟು ಹಿಡಿಸಿಲ್ಲ. ಅದನ್ನು ರೂಪಿಸಿದವರೇ ಹೇಳುವುದು ಕಣಗಳು ಸುಮಾರು ಶೇ 30ರಷ್ಟು ಕಡಿಮೆ ಎಂದು. ಉಳಿದ 70 ಎಲ್ಲಿಗೂ ಹೋಗಿಲ್ಲ. ಉಬ್ಬಸವಿರುವವರು ಆ ರಾತ್ರಿ ಕಿಟಕಿ ಮುಚ್ಚಿ ಒಳಗಿರಲಿ. ಹೊರಡಲೇಬೇಕಾದರೆ ಬಟ್ಟೆಯ ಮಾಸ್ಕ್ ಸಾಲದು, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಬೇಕು. ಅದು ಕಣಗಳನ್ನು ತಡೆಯುತ್ತದೆ, ಗಂಧಕದ ಘಾಟನ್ನು ತಡೆಯುವುದಿಲ್ಲ.