ಹನ್ನೊಂದನ್ನು ಎಣಿಸದ ಕಾಲುಗಳು

ಬಲ್ಗೇರಿಯಾದ ರಾಜಧಾನಿ ಸೋಫಿಯಾದ ಸುತ್ತಲಿನ ಸೀಮೆಗೆ ಶೋಪ್ ನಾಡು ಎಂದು ಹೆಸರು. ಅಲ್ಲಿನ ಮದುವೆ, ಹಬ್ಬಗಳಲ್ಲಿ ಕೊಪಾನಿತ್ಸ ಎಂಬ ಸಾಲುಕುಣಿತ ನಡೆಯುತ್ತದೆ. ಕುಣಿಯುವವರು ಅಕ್ಕಪಕ್ಕದವರ ಸೊಂಟಪಟ್ಟಿಯನ್ನು ಹಿಡಿದು ನಿಲ್ಲುತ್ತಾರೆ. ಮುಂದಾಳು ಬಲತುದಿಯಲ್ಲಿರುತ್ತಾನೆ, ಹೆಜ್ಜೆಯ ವಿನ್ಯಾಸ ಬದಲಾಗಬೇಕಾದಾಗ ಕೂಗಿ ಹೇಳುವುದು ಅವನ ಕೆಲಸ. ಇಷ್ಟೇ ಆಗಿದ್ದರೆ ಇದರಲ್ಲಿ ವಿಶೇಷವಿರಲಿಲ್ಲ. ಆದರೆ ಈ ಕುಣಿತದ ತಾಳದ ಒಂದು ಆವರ್ತಕ್ಕೆ ಹನ್ನೊಂದು ಮಾತ್ರೆಗಳಿವೆ.

ಲಯ ಕಲಿತವರು ಅದನ್ನು ‘ತಕ ತಕ ತಕಿಟ ತಕ ತಕ’ ಎಂದು ಹೇಳಿಕೊಳ್ಳಬಹುದು. 2, 2, 3, 2, 2. ಕೊಪಾನಿತ್ಸ ರಭಸಕ್ಕೇರಿದಾಗ ಸೆಕೆಂಡಿಗೆ ಸುಮಾರು ಏಳೆಂಟು ಮಾತ್ರೆಗಳು ಓಡುತ್ತವೆ. ಆ ವೇಗದಲ್ಲಿ ಯಾರೂ ಹನ್ನೊಂದನ್ನು ಎಣಿಸುತ್ತಾ ಕುಣಿಯಲಾರರು. ಕಾಲಿಗೆ ತಿಳಿಯುವುದು ಐದೇ ಪೆಟ್ಟು: ನಾಲ್ಕು ಗಿಡ್ಡ, ನಟ್ಟನಡುವೆ ಒಂದು ಉದ್ದ. ತಪಾನ್ ಎಂಬ ದೊಡ್ಡ ಡೋಲಿನಲ್ಲಿ ಇದು ಕಣ್ಣಿಗೂ ಕಾಣುತ್ತದೆ. ವಾದಕನ ಒಂದು ಕೈಯಲ್ಲಿರುವ ದಪ್ಪ ಕೋಲು ಮುಖ್ಯ ಪೆಟ್ಟುಗಳನ್ನು ಹೊಡೆಯುತ್ತದೆ, ಇನ್ನೊಂದು ಕೈಯ ತೆಳು ಬೆತ್ತ ನಡುವಿನ ಮಾತ್ರೆಗಳನ್ನು ತುಂಬುತ್ತದೆ.

ಕಷ್ಟವೆಲ್ಲ ಆ ಉದ್ದ ಪೆಟ್ಟಿನಲ್ಲಿದೆ. ಅದು ಗಿಡ್ಡದ ಒಂದೂವರೆ ಪಟ್ಟು. ಸಮ ಅಥವಾ ದುಪ್ಪಟ್ಟು ಅಳತೆ ಕೈಗೆ ಸುಲಭವಾಗಿ ಒಗ್ಗುತ್ತದೆ; ಒಂದೂವರೆ ಹಾಗಲ್ಲ. ಬೆರಳಿನಿಂದ ಲಯ ತಟ್ಟಿಸಿ ನಡೆಸಿದ ಪ್ರಯೋಗಗಳಲ್ಲಿ, ಪಳಗಿದ ಸಂಗೀತಗಾರರ ಕೈಯಲ್ಲೂ ಈ ಅಳತೆ ಮೆಲ್ಲನೆ ದುಪ್ಪಟ್ಟಿನ ಕಡೆಗೆ ಜಾರಿದ್ದು ಕಂಡುಬಂದಿದೆ. ಕೊಪಾನಿತ್ಸದಲ್ಲಿ ಹಾಗೆ ಜಾರಿದರೆ ಹನ್ನೊಂದು ಹನ್ನೆರಡಾಗುತ್ತದೆ. ತಪ್ಪಿದ್ದು ಸೆಕೆಂಡಿನ ಏಳೆಂಟರಲ್ಲೊಂದು ಪಾಲು ಮಾತ್ರ, ಆದರೆ ಸೊಂಟಪಟ್ಟಿ ಹಿಡಿದಿರುವ ಪಕ್ಕದವನಿಗೆ ಅದು ಕೂಡಲೇ ಗೊತ್ತಾಗುತ್ತದೆ!

ಹಾಗಾದರೆ ಇಂಥ ಲಯಕ್ಕೆ ಮನುಷ್ಯನ ಮಿದುಳೇ ಒಗ್ಗುವುದಿಲ್ಲವೇ? ಮನೋವಿಜ್ಞಾನಿಗಳಾದ ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ 2005ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳು ಬೇರೆಯದೇ ಉತ್ತರ ಕೊಡುತ್ತವೆ. ಅವರು ಸರಳ ಲಯದ ರಾಗಗಳನ್ನೂ ಬಾಲ್ಕನ್ ಬಗೆಯ ಅಸಮ ಲಯದ ರಾಗಗಳನ್ನೂ ಕೇಳಿಸಿ, ನಡುವೆ ಲಯ ಕೆಡಿಸಿದರು. ಉತ್ತರ ಅಮೆರಿಕದ ವಯಸ್ಕರು ಸರಳ ಲಯದಲ್ಲಿ ಕೆಡುಕನ್ನು ಗುರುತಿಸಿದರು, ಅಸಮ ಲಯದಲ್ಲಿ ಸೋತರು. ಬಲ್ಗೇರಿಯಾ, ಮ್ಯಾಸಿಡೋನಿಯಾ ಮೂಲದವರು ಎರಡರಲ್ಲೂ ಗೆದ್ದರು. ಆರು ತಿಂಗಳ ಉತ್ತರ ಅಮೆರಿಕದ ಹಸುಗೂಸುಗಳೂ ಎರಡರಲ್ಲೂ ವ್ಯತ್ಯಾಸ ಗಮನಿಸಿದವು. ಹನ್ನೆರಡು ತಿಂಗಳಾಗುವ ಹೊತ್ತಿಗೆ ಆ ಕೂಸುಗಳ ಕಿವಿಯೂ ತನ್ನ ಊರಿನ ಸಂಗೀತಕ್ಕೆ ಕಟ್ಟುಬಿದ್ದಿತ್ತು. ಮನೆಯಲ್ಲಿ ಎರಡು ವಾರ ಬಾಲ್ಕನ್ ಸಂಗೀತ ಕೇಳಿಸಿದರೆ ಅವು ಮತ್ತೆ ಚೇತರಿಸಿಕೊಳ್ಳುತ್ತಿದ್ದವು; ವಯಸ್ಕರಿಗೆ ಅಷ್ಟು ಸಾಕಾಗಲಿಲ್ಲ. ಹಾಗಾಗಿ ‘ಕುಂಟು ಲಯ’ ಎಂದು ಇದನ್ನು ಕರೆಯುವವರು ಲಯಕ್ಕಿಂತ ಹೆಚ್ಚಾಗಿ ತಮ್ಮ ಕಿವಿಯನ್ನೇ ಬಣ್ಣಿಸುತ್ತಿದ್ದಾರೆ ಎನ್ನಬೇಕು.

ಅದೇ ವರ್ಷ ಜೆಸಿಕಾ ಫಿಲಿಪ್ಸ್-ಸಿಲ್ವರ್ ಮತ್ತು ಲಾರೆಲ್ ಟ್ರೇನರ್ ಇನ್ನೊಂದು ಪ್ರಯೋಗ ಮಾಡಿದರು. ಎಲ್ಲಿಯೂ ಒತ್ತಿಲ್ಲದ ಒಂದು ಲಯವನ್ನು ಏಳು ತಿಂಗಳ ಕೂಸುಗಳಿಗೆ ಕೇಳಿಸುತ್ತಾ, ಕೆಲವನ್ನು ಎರಡು ಮಾತ್ರೆಗೊಮ್ಮೆ, ಕೆಲವನ್ನು ಮೂರು ಮಾತ್ರೆಗೊಮ್ಮೆ ಎತ್ತಿ ಕುಣಿಸಿದರು. ಆಮೇಲೆ ಒತ್ತು ಸೇರಿಸಿ ಕೇಳಿಸಿದಾಗ, ತಾವು ಕುಣಿದ ಎಣಿಕೆಗೆ ಹೊಂದುವ ಲಯವನ್ನೇ ಕೂಸುಗಳು ಹೆಚ್ಚು ಹೊತ್ತು ಆಲಿಸಿದವು. ಬೇರೆಯವರು ಕುಣಿಯುವುದನ್ನು ನೋಡಿದ್ದಷ್ಟರಿಂದ ಈ ಪರಿಣಾಮ ಬರಲಿಲ್ಲ. ಕೊಪಾನಿತ್ಸವನ್ನು ಕುಳಿತು ಕೇಳಿ ಕಲಿಯುವುದಕ್ಕಿಂತ ಸಾಲಿನ ಬಾಲದಲ್ಲಿ ಸೇರಿಕೊಂಡು ಕಲಿಯುವುದೇ ಲೇಸು ಎಂದು ನನಗನ್ನಿಸುವುದು ಇದರಿಂದಲೇ.

ಕನ್ನಡದ ಕಿವಿಗೆ ಅಸಮ ಲಯ ಹೊಸದಲ್ಲ. ಭಾಮಿನಿ ಷಟ್ಪದಿ ಮೂರು, ನಾಲ್ಕು ಮಾತ್ರೆಗಳ ಗಣಗಳಲ್ಲಿ ನಡೆಯುತ್ತದೆ. ಕರ್ನಾಟಕ ಸಂಗೀತದ ಮಿಶ್ರಛಾಪು ತಾಳಕ್ಕೂ ಏಳೇ ಮಾತ್ರೆ. ಬಲ್ಗೇರಿಯಾದವರ ರಾಚೆನಿತ್ಸ ಎಂಬ ಕುಣಿತವೂ ಏಳರದ್ದು. ಆದರೆ ಮಿಶ್ರಛಾಪು 3, 2, 2 ಎಂದು ಉದ್ದದಿಂದ ಹೊರಟರೆ, ರಾಚೆನಿತ್ಸ 2, 2, 3 ಎಂದು ಉದ್ದದಲ್ಲಿ ಮುಗಿಯುತ್ತದೆ. ಕೈಯಲ್ಲಿ ಮಿಶ್ರಛಾಪು ಹಾಕುತ್ತಾ ಕೇಳುವವರಿಗೆ ಏಳು ಕೂಡಲೇ ಸಿಕ್ಕೀತು, ಎಡುಪು, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ, ಮಾತ್ರ ಎರಡು ಹೆಜ್ಜೆ ತಪ್ಪೀತು.