ಮೌಡರ್‌ಸ್ಲಾಟ್: ಕೋಟೆ ಇದೆ, ಕವಿಗಳ ಬಳಗ ಇತ್ತಾ?

ನೆದರ್ಲೆಂಡ್ಸ್‌ನ ಮೌಡರ್‌ಸ್ಲಾಟ್ ಕೋಟೆಯ ಮಾತು ಬಂದರೆ ‘ಮೌಡನ್ ಬಳಗ’ದ ಮಾತೂ ಬರುತ್ತದೆ. 17ನೇ ಶತಮಾನದ ಡಚ್ ಕವಿಗಳು ಇಲ್ಲಿ ಗುಂಪು ಕಟ್ಟಿಕೊಂಡು ಕೂರುತ್ತಿದ್ದರು ಅಂತ ಕೆಲವರು. ಅಂಥ ಗುಂಪೇ ಇರಲಿಲ್ಲ ಅಂತ ಇನ್ನು ಕೆಲವರು.

ಕೋಟೆ ಇರುವುದು ಆಮ್‌ಸ್ಟರ್‌ಡ್ಯಾಮ್ ಹತ್ತಿರ, ಫೆಖ್ಟ್ ನದಿ ಕಡಲು ಸೇರುತ್ತಿದ್ದ ಜಾಗದಲ್ಲಿ. 1285ರ ಸುಮಾರಿಗೆ ಐದನೇ ಫ್ಲೋರಿಸ್ ಎಂಬ ದೊರೆ ಕಟ್ಟಿಸಿದ. ದೋಣಿಗಳಿಂದ ಸುಂಕ ವಸೂಲಿಗೆ ಒಳ್ಳೆ ಜಾಗ. 1296ರಲ್ಲಿ ಅವನ ಸಾಮಂತರೇ ಅವನನ್ನು ಇಲ್ಲಿ ಕೂಡಿಹಾಕಿ, ಆಮೇಲೆ ಕೊಂದರು. ಮರುವರ್ಷ ಕೋಟೆ ನೆಲಸಮ. ಮುಂದಿನ ಶತಮಾನದಲ್ಲಿ ಮತ್ತೆ ಎದ್ದಿತು.

1609ರಲ್ಲಿ ಕವಿ ಪೀಟರ್ ಹೋಫ್ಟ್ ಇಲ್ಲಿಗೆ ಅಧಿಕಾರಿಯಾಗಿ ಬಂದರು. 1647ರಲ್ಲಿ ತೀರಿಕೊಳ್ಳುವವರೆಗೂ ಬೇಸಿಗೆ ಕಳೆದದ್ದು ಇಲ್ಲೇ. ಫ್ಲೋರಿಸ್ ಕೊಲೆಯ ಬಗ್ಗೆ ನಾಟಕ ಬರೆದರು. ಅದು ನಡೆಯುವುದೂ ಇದೇ ಕೋಟೆಯಲ್ಲಿ! ತೋಟದಲ್ಲಿ ಪ್ಲಮ್ ಹಣ್ಣಾದರೆ ಸ್ನೇಹಿತರಿಗೆ ಬನ್ನಿ ಅಂತ ಕಾಗದ ಹೋಗುತ್ತಿತ್ತು.

ಹಾಗೆ ಬಂದವರಲ್ಲಿ ಮರಿಯಾ ಟೆಸೆಲ್‌ಸ್ಕಾದ ಒಬ್ಬರು. ಕವಿತೆ ಬರೆಯುತ್ತಿದ್ದರು, ಹಾಡುತ್ತಿದ್ದರು, ವಜ್ರದ ಮೊನೆಯಿಂದ ಗಾಜಿನ ಲೋಟದ ಮೇಲೆ ಅಕ್ಷರ ಕೆತ್ತುತ್ತಿದ್ದರು. ಒಮ್ಮೆ ಚಪ್ಪಲಿ ಕೋಟೆಯಲ್ಲೇ ಬಿಟ್ಟುಹೋದರು. ಹೋಫ್ಟ್ ಕಾಗದ ಬರೆದರು: ಚಪ್ಪಲಿ ಬದಲು ಕಾಲನ್ನೇ ಮರೆತು ಹೋಗಿದ್ದರೆ ಚೆನ್ನಾಗಿತ್ತು, ಕಾಲಿಗೆ ಅಂಟಿಕೊಂಡವರೂ ಇಲ್ಲೇ ಉಳಿಯುತ್ತಿದ್ದರು. ಎಷ್ಟು ಸಲುಗೆ, ಎಷ್ಟು ಅಕ್ಕರೆ ಅಲ್ವಾ?

ಆದರೆ ಎಲ್ಲರೂ ಒಟ್ಟಿಗೆ ಸೇರುವುದು ಸುಲಭವಿರಲಿಲ್ಲ. ಟೆಸೆಲ್‌ಸ್ಕಾದ ಮದುವೆಯಾಗಿ ಅಲ್ಕ್‌ಮಾರ್ ಊರಲ್ಲಿದ್ದರು. ಇನ್ನೊಬ್ಬ ಕವಿ ಕಾನ್‌ಸ್ಟಂಟೈನ್ ಹೈಗನ್ಸ್ ರಾಜಕುಮಾರರ ಕಾರ್ಯದರ್ಶಿ, ದಂಡಿನ ಜೊತೆ ಓಡಾಟ ಜಾಸ್ತಿ. ಕವಿ, ನಾಟಕಕಾರ ಫೊಂಡೆಲ್‌ಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಾಲುಚೀಲದ ಅಂಗಡಿ. ಅವರು ಕ್ಯಾಥೊಲಿಕ್ ಆದ ಮೇಲಂತೂ ಹೋಫ್ಟ್ ಜೊತೆ ಮೊದಲಿನ ನಂಟು ಉಳಿಯಲಿಲ್ಲ.

‘ಬಳಗ’ ಅನ್ನೋ ಹೆಸರು ಅಂಟಿಕೊಂಡದ್ದು 19ನೇ ಶತಮಾನದಲ್ಲಿ. ಕೋಟೆ ಆಗ ಪಾಳುಬಿದ್ದಿತ್ತು. 1825ರಲ್ಲಿ ಕೆಡವಲೆಂದೇ ಮಾರಾಟಕ್ಕೆ ಇಟ್ಟಿದ್ದರು, ದೊರೆ ಒಂದನೇ ವಿಲಿಯಂ ತಡೆದ. 1852ರಲ್ಲಿ ಯಾನ್ ಆಡಮ್ ಕ್ರೂಸೆಮನ್ ಈ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಚಿತ್ರ ಬರೆದರು. ಚಿತ್ರ ಸೊಗಸಾಗಿದೆ. ಜನರ ಮನಸ್ಸಲ್ಲಿ ಅದೇ ನಿಂತುಬಿಟ್ಟಿತು. ಸಂಶೋಧಕರು ಮತ್ತೆ ಕಾಗದಗಳನ್ನು ಕೂತು ಓದಿದಾಗ ಸಿಕ್ಕಿದ್ದು ಬಿಡಿಬಿಡಿ ಭೇಟಿಗಳು. ಇವತ್ತು ಇಬ್ಬರು, ಮುಂದಿನ ಬೇಸಿಗೆಗೆ ಬೇರೆ ನಾಲ್ವರು.

ನನಗಂತೂ ಆ ಕಾಗದಗಳೇ ಚಿತ್ರಕ್ಕಿಂತ ಹೆಚ್ಚು ಹತ್ತಿರ. 1878ರಿಂದ ಕೋಟೆ ಮ್ಯೂಸಿಯಂ. ಕೋಣೆಗಳನ್ನು ಹೋಫ್ಟ್ ಕಾಲದ ಹಾಗೆ ಸಜ್ಜುಗೊಳಿಸಿದ್ದಾರೆ. ಹೊರಗೆ ಪ್ಲಮ್ ಮರಗಳನ್ನೂ ಬೆಳೆಸಿದ್ದಾರೆ.